ಜಮಾದ ಬಾಜು

ಗದಗಿನ ಅರಳಿ ಮಿಲ್ಲಿನ ಸಂಕಣ್ಣವರು
ಹದಿನಾಲ್ಕು ವರ್ಷ ತಾಡಪತ್ರಿ ಹೊದಿಸಿ ಇಟ್ಟಿದ್ದ ಬೆಂಝು
ಟ್ರ್ಯಾಕ್ಟರಿನ ಬೆನ್ನಿಗೆ ಬಿದ್ದು ಹುಬ್ಬಳ್ಳಿಗೆ ಬಂತು.
ಒಂದು ಲಕ್ಷ ಅರವತ್ತು ಸಾವಿರ.
ಅದು ಬೆಲಿ. ಖರ್ಚು ಇನ್ನೂ ಸುರು ಆಗಿರಲಿಲ್ಲ.

ಪತ್ತಿನ ಸಂಘದಾಗ ಮೂವತ್ತೊಂದು ವರ್ಷ ಲೆಕ್ಕ ಬರದಾಕಿ ನಾನು.
ಹೊಸಾ ವಹಿ ತಂದೆ, ಕೆಂಪು ರಟ್ಟಿಂದು,
ಎಡಕ್ಕ ಜಮಾ, ಬಲಕ್ಕ ಖರ್ಚು.
ಬಾಯಿಲೆ ಒಮ್ಮೆನೂ ಕರೀದ ಹೆಸರನ್ನ
ಮೊದಲನೇ ಪುಟದಾಗ ದಪ್ಪಗ ಬರದೆ:
ಯಮನೂರಪ್ಪ ಇವರ ಮೋಟಾರು ಖಾತೆ.

ಮೊದಲು ಇಲಿ.
ಹತ್ತಿ ತಿಂದು ತಿಂದು ಬ್ಯಾಸತ್ತು ವೈರಿಗೆ ಬಾಯಿ ಹಾಕಿದ್ದವು.
ಜರ್ಮನಿ ವೈರು, ಗದಗಿನ ಹಲ್ಲು.
ಹನ್ನೊಂದು ಸಾವಿರದ ನಾಲ್ಕುನೂರು.

ಡೀಸೆಲ್ ಪಂಪು ಪುಣೆಯಿಂದ ತರಿಸಿದರು,
ಅದರ ಬಾಯಿ ಬ್ಯಾರೆ, ನಮ್ಮ ಎಂಜಿನ್ನಿನ ಗಂಟಲು ಬ್ಯಾರೆ.
ಹೊಳ್ಳಿ ಕಳಿಸೋ ಕೊರಿಯರ್ ಖರ್ಚೂ ನಮ್ಮದ.
ಹಳೇ ಹುಬ್ಬಳ್ಳಿಯ ಖಾಜಾಸಾಬ ನಕ್ಕು ಅಂದ:
"ವೈನೀ, ಈ ಗಾಡಿಗೆ ಸಾಮಾನು ಸಿಗಲಾರದ್ದು ಚಲೋ,
ಸಿಕ್ಕರ ನೀವು ಮನಿ ಮಾರಬೇಕಾಗ್ತದ."

ಇವರು ರೇಲ್ವೆ ವರ್ಕ್‌ಶಾಪಿನಾಗ ಟರ್ನರ್ ಇದ್ದವರು,
ಲೇಥಿನ ಮುಂದ ನಿಂತು ಬುಶ್ ತಾವ ಕಡದರು.
ಅರ್ಧ ಸೂತು ಹೆಚ್ಚಾತು. ಮತ್ತ ಕಡದರು, ಕಡಿಮಿ ಆತು.
"ಕೈಲೆ ಮಾಡಿದರ ಕೂಲಿ ಉಳೀತದ."
ಉಳದ ಕೂಲಿಯನ್ನ ಜಮಾದ ಬಾಜು ಹುಡುಕಿದೆ.
ಅಲ್ಲಿ ಹಳೇ ಬ್ಯಾಟರಿ ಮಾರಿದ ಸಾವಿರದ ನೂರು ಅಷ್ಟ ಇತ್ತು.

ಸಂಜೀ ಏಳರಿಂದ ಕೈಬ್ಯಾಟರಿ ಹಿಡಿಯಾಕಿ ನಾನು.
"ಇಲ್ಲಿ. ಇಲ್ಲೆಲ್ಲ, ಇಲ್ಲಿ."
ಗಾಡಿ ಬುಡಕ ಅಂಗಾತ ಮಲಗಿದವರ ಇಲ್ಲಿ ಯಾವುದು ಅಂತ
ನಿಂತಾಕಿಗೆ ಹ್ಯಾಂಗ ತಿಳೀಬೇಕು?
ಹಂಚಿನ ಮ್ಯಾಲೆ ರೊಟ್ಟಿ ಕರದು ಕಲ್ಲಾತು,
ಬಚ್ಚಲದ ಸಾಬೂನು ಗ್ರೀಸ್ ಬಣ್ಣಕ್ಕ ತಿರಗಿತು,
ಇವರ ಬೆರಳಿನ ಗೆಣ್ಣು ಒಡದು
ಟಿಟಿ ಇಂಜೆಕ್ಷನ್, ಪಟ್ಟಿ: ನೂರಾ ನಲವತ್ತು.

ಒಂದು ತಿಂಗಳು ಮಾತ್ರ ಖರ್ಚು ಹಾಲಿಂದು.
ಹಿಂದಿನ ಸೀಟಿನ ಮ್ಯಾಲೆ ಬೆಕ್ಕು ಮೂರು ಮರಿ ಹಾಕಿತ್ತು,
ಅವು ಕಣ್ಣು ತೆರಿಯೂತನಕ
ಪಾನಾ ಮುಟ್ಟಲಿಲ್ಲ ಇವರು.

ಎರಡು ವರ್ಷಕ್ಕ ಓಡಿದ್ದು ಇನ್ನೂರಾ ಹನ್ನೆರಡು ಕಿಲೋಮೀಟರ್,
ಅದರಾಗ ನಲವತ್ತು ಹಗ್ಗ ಕಟ್ಟಿ.
ಧಾರವಾಡಕ್ಕ ಹೊಂಟಾಗ ಉಣಕಲ್ ಹಂತ್ಯಾಕ ಮುಳ್ಳು ಕೆಂಪಿಗೆ ಏರಿ,
ಬಾನೆಟ್ ಎತ್ತಿ ಕೂತು ಗಿರಮಿಟ್ ತಿಂದಿವಿ.
ಆಟೋದವರು ಸುತ್ತಗಟ್ಟಿ ಒಬ್ಬೊಬ್ಬ ಒಂದೊಂದು ರೋಗ ಹೇಳಿದರು.
ಮೆಣಸಿನಕಾಯಿ ಕಾರ ಇತ್ತು.
ಇವರು ಸೇವಾ ನಿವೃತ್ತಿ ಆದ ಮ್ಯಾಲೆ
ಅಷ್ಟು ಮಂದಿ ಕೂಡ ಮಾತಾಡಿದ್ದು ಅವತ್ತ.

ಹೋದ ಐತವಾರ ನಿಪ್ಪಾಣಿಯಿಂದ ಒಬ್ಬ ಹುಡುಗ ಬಂದ,
ತಂಬಾಕದ ವ್ಯಾಪಾರದವ, ಬಿಳೇ ಬೂಟು.
ಬಾಗಲಾ ತಗದು ಹಾಕಿದ, ಆ ದಪ್ಪ ಸಪ್ಪಳಕ್ಕ ಮಳ್ಳಾದ.
"ನಾಲ್ಕು ಲಕ್ಷ. ಈಗ, ಇಲ್ಲೆ."
ಇವರು ನನ್ನ ಮಾರಿ ನೋಡಿದರು,
ಎಲ್ಲಿ ಬೆಳಕು ಹಿಡಿಯಲಿ ಅಂತ
ಇವರ ಕಾಲು ನೋಡಿಕೋತ ನಾನು ನಿಂದರತಿದ್ನೆಲ್ಲ, ಹಾಂಗ.

ಒಳಗ ಹೋಗಿ ವಹಿ ತಂದೆ. ಓದಿದೆ.
ಬೆಲಿ, ಇಲಿ, ಪಂಪು, ಬುಶ್, ಟಿಟಿ, ಹಾಲು, ಎಲ್ಲಾ ಕೂಡಿ
ನಾಲ್ಕು ಲಕ್ಷ ಮೂವತ್ತೊಂದು ಸಾವಿರದ ಆರುನೂರಾ ಐವತ್ತು.
"ಇದರ ಮ್ಯಾಲೆ ಕೈಬ್ಯಾಟರಿ ಹಿಡಿದ ಕೂಲಿ,
ಆರುನೂರು ಸಂಜೀ, ಸಂಜಿಗೆ ಇನ್ನೂರರಂಗ."
ಹುಡುಗ ಚಹಾ ಅರ್ಧಕ್ಕ ಬಿಟ್ಟು ಎದ್ದ.
ಇವರು ಏನೂ ಅನಲಿಲ್ಲ. ನಾನೂ ಕೇಳಲಿಲ್ಲ.

ಆ ಕೂಲಿ ಪೆನ್ಸಿಲಿನಾಗ ಬರದೀನಿ,
ಶಾಯಿಲೆ ತಿದ್ದಬೇಕೋ ಅಳಸಬೇಕೋ ಇನ್ನೂ ಗೊತ್ತಿಲ್ಲ.
ಈಗ ಸ್ಟೀರಿಂಗಿನ ಎಣ್ಣಿ ಸೋರಾಕ ಹತ್ತೇತಿ,
ಫರಸಿ ಮ್ಯಾಲೆ ಮಿನಿಟಿಗೆ ಮೂರು ಹನಿ,
ಡಬ್ಬಿ ಇಟ್ಟೇನಿ.
"ಇಲ್ಲಿ," ಅಂತಾರ ಬುಡಕಿಂದ.
ಕಾಲಿನ ದಿಕ್ಕು ನೋಡಿ ನಾನು ಆಗಲೇ ಅಲ್ಲೇ ಹಿಡದಿರತೀನಿ.
"ಇಲ್ಲೆಲ್ಲ," ಅಂತಾರ.